ಸೊಳ್ಳೆಯಿಂದಲೇ ಮಲೇರಿಯಾ ತಡೆ: ಲಿವರ್ ಹಂತ ಯಾಕೆ ಮುಖ್ಯ?

ಮೊದಲು ಮಲೇರಿಯಾ ತರುವ ಪರಾವಲಂಬಿಯ ದಾರಿ ನೋಡಿಕೊಳ್ಳಿ. ಸೋಂಕಿರುವ ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚಿದಾಗ, ಜೊಲ್ಲಿನ ಜೊತೆ ಸ್ಪೋರೊಜಾಯಿಟ್‌ಗಳು (ಸೊಳ್ಳೆಯಿಂದ ಮನುಷ್ಯರಿಗೆ ದಾಟುವ ಪರಾವಲಂಬಿಯ ರೂಪ) ಚರ್ಮಕ್ಕಿಳಿಯುತ್ತವೆ. ಅಲ್ಲಿಂದ ರಕ್ತದ ಮೂಲಕ ಲಿವರ್ ಸೇರುತ್ತವೆ. ಫಾಲ್ಸಿಪಾರಮ್ ಎಂಬ ಮಲೇರಿಯಾ ಪರಾವಲಂಬಿ ಅಲ್ಲಿ ಸುಮಾರು ಒಂದು ವಾರ ಬೆಳೆಯುತ್ತದೆ. ಆಗ ಜ್ವರವೂ ಇಲ್ಲ, ಚಳಿಯೂ ಇಲ್ಲ. ಕಾಯಿಲೆ ಶುರುವಾಗುವುದು ಅದು ಕೆಂಪು ರಕ್ತಕಣಗಳಿಗೆ ನುಗ್ಗಿದ ಮೇಲೆ.

ಈಗ ಕ್ಲೋರೊಕ್ವಿನ್ ಎಂಬ ಮಲೇರಿಯಾ ಮಾತ್ರೆ. ಅದು ರಕ್ತದಲ್ಲಿರುವ ಪರಾವಲಂಬಿಯನ್ನು ಕೊಲ್ಲುತ್ತದೆ, ಲಿವರ್‌ನಲ್ಲಿರುವುದನ್ನು ಮುಟ್ಟುವುದಿಲ್ಲ. ಹಾಗಾದರೆ ಮಾತ್ರೆ ನುಂಗುತ್ತಾ ಸೊಳ್ಳೆ ಕಚ್ಚಿಸಿಕೊಂಡರೆ? ಲಿವರ್ ಹಂತ ಪೂರ್ತಿ ನಡೆಯುತ್ತದೆ, ದೇಹಕ್ಕೆ ಶತ್ರುವಿನ ಗುರುತು ಸಿಗುತ್ತದೆ, ಆದರೆ ಕಾಯಿಲೆ ಬಲಿಯುವುದಿಲ್ಲ.

ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿ ಮಾಡಿದ್ದು ಇದನ್ನೇ. ಫಲಿತಾಂಶ ಪ್ರಕಟವಾಗಿದ್ದು 2009ರಲ್ಲಿ. ಕ್ಲೋರೊಕ್ವಿನ್ ತೆಗೆದುಕೊಳ್ಳುತ್ತಿದ್ದ 10 ಸ್ವಯಂಸೇವಕರಿಗೆ ತಿಂಗಳಿಗೊಮ್ಮೆ, ಮೂರು ಸಲ, ಪ್ರತಿ ಸಲ 12ರಿಂದ 15 ಸೋಂಕಿತ ಸೊಳ್ಳೆಗಳಿಂದ ಕಚ್ಚಿಸಿದರು. ಇನ್ನೂ 5 ಜನರಿಗೆ ಕಚ್ಚಿದ್ದು ಸೋಂಕಿಲ್ಲದ ಸೊಳ್ಳೆಗಳು. ಇಂಥ ಪ್ರಯೋಗದಲ್ಲಿ ಬಲೆ ಕಟ್ಟಿದ ಪುಟ್ಟ ಡಬ್ಬಿಯ ಮೇಲೆ ಮೊಣಕೈ ಕೆಳಗಿನ ಭಾಗ ಇಟ್ಟುಕೊಂಡು ಕೂರಬೇಕು. ರಕ್ತ ಕುಡಿದು ಹೊಟ್ಟೆ ಉಬ್ಬಿದ ಸೊಳ್ಳೆಗಳನ್ನು ಆಮೇಲೆ ಸೀಳಿ, ಜೊಲ್ಲಿನ ಗ್ರಂಥಿಯಲ್ಲಿ ಸ್ಪೋರೊಜಾಯಿಟ್ ಇತ್ತಾ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸುಮ್ನೆ ಕಚ್ಚಿದರೆ ಲೆಕ್ಕಕ್ಕಿಲ್ಲ.

ಮಾತ್ರೆ ನಿಲ್ಲಿಸಿದ ಒಂದು ತಿಂಗಳ ನಂತರ ಎಲ್ಲರಿಗೂ 5 ಸೋಂಕಿತ ಸೊಳ್ಳೆಗಳಿಂದ ಕಚ್ಚಿಸಿದರು. ಮೊದಲು ಸೋಂಕಿಲ್ಲದ ಸೊಳ್ಳೆ ಕಚ್ಚಿದ್ದ 5 ಜನರ ರಕ್ತದಲ್ಲೂ ಪರಾವಲಂಬಿ ಕಾಣಿಸಿತು. 10 ಜನರಲ್ಲಿ ಒಬ್ಬರಿಗೂ ಇಲ್ಲ! 28 ತಿಂಗಳ ನಂತರ ಮತ್ತೆ ಪರೀಕ್ಷಿಸಿದ 6 ಜನರಲ್ಲಿ 4 ಜನರಿಗೆ ರಕ್ಷಣೆ ಹಾಗೇ ಉಳಿದಿತ್ತು. ಮಲೇರಿಯಾ ಹೆಚ್ಚಿರುವ ಆಫ್ರಿಕಾದ ಊರುಗಳಲ್ಲಿ ವರ್ಷಗಟ್ಟಲೆ ಸೋಂಕು ತಗುಲಿದರೂ ಜನರಿಗೆ ಬರುವುದು ಅರ್ಧಂಬರ್ಧ ರಕ್ಷಣೆ. ಜ್ವರ ಕಡಿಮೆಯಾಗುತ್ತದೆ, ರಕ್ತದಲ್ಲಿ ಪರಾವಲಂಬಿ ಉಳಿದೇ ಇರುತ್ತದೆ. ಅದಕ್ಕೇ ನೈಮೇಗನ್ ಫಲಿತಾಂಶ ಅಷ್ಟು ದೊಡ್ಡದು.

ನೆದರ್‌ಲ್ಯಾಂಡ್ಸ್‌ನದೇ ಲೈಡನ್‌ ಊರಿನ ಸಂಶೋಧಕರು ಮಾತ್ರೆಯ ಬದಲು ಪರಾವಲಂಬಿಯ ಜೀನ್‌ಗಳನ್ನೇ ತೆಗೆದರು. ಒಂದು ತಳಿ ಲಿವರ್‌ನಲ್ಲಿ ಸುಮಾರು ಒಂದು ದಿನಕ್ಕೆ ಸಾಯುತ್ತದೆ, ಇನ್ನೊಂದು ಸುಮಾರು ಆರು ದಿನ ಬದುಕುತ್ತದೆ. 2024ರ ವರದಿಯಲ್ಲಿ ಮೊದಲನೆಯದು ಕಾಪಾಡಿದ್ದು 8ರಲ್ಲಿ ಒಬ್ಬರನ್ನು, ಎರಡನೆಯದು 9ರಲ್ಲಿ 8 ಜನರನ್ನು. ಲಿವರ್‌ನಲ್ಲಿ ಜಾಸ್ತಿ ದಿನ ಉಳಿದಷ್ಟೂ ಅದು ಹೊಸ ಹೊಸ ಪ್ರೋಟೀನ್‌ಗಳನ್ನು ತಯಾರಿಸುತ್ತದೆ. ದೇಹಕ್ಕೆ ಕಲಿಯಲು ಅಷ್ಟು ಹೆಚ್ಚು ಸಿಗುತ್ತದೆ, ಅಲ್ವಾ? ನನ್ನ ಪ್ರಕಾರ ಇಡೀ ಪಾಠದ ತಿರುಳು ಇಲ್ಲೇ ಇದೆ.

ಪರೀಕ್ಷೆಯಲ್ಲಿ ಇದನ್ನೂ ಬರೆಯಿರಿ: ನೈಮೇಗನ್‌ನಲ್ಲಿ ದೇಹಕ್ಕೆ ಕಲಿಸಲೂ ಆಮೇಲೆ ಪರೀಕ್ಷಿಸಲೂ ಬಳಸಿದ್ದು ಪರಾವಲಂಬಿಯ ಒಂದೇ ತಳಿ. ಬೇರೆ ತಳಿಯಿಂದ ಪರೀಕ್ಷಿಸಿದ ಮುಂದಿನ ಪ್ರಯೋಗಗಳಲ್ಲಿ ರಕ್ಷಣೆ ಇಷ್ಟು ಗಟ್ಟಿಯಾಗಿರಲಿಲ್ಲ.