25ನೇ ಅಂಕಿಗೆ ನಿಂತುಹೋಗುವ ಸಂಖ್ಯೆ

3608528850368400786036725.

ಇದರ ಮೊದಲ ಎರಡು ಅಂಕಿ 36, 2ರಿಂದ ಭಾಗವಾಗುತ್ತದೆ. ಮೊದಲ ಮೂರು ಅಂಕಿ 360, 3ರಿಂದ ಭಾಗವಾಗುತ್ತದೆ. 3608 ನಾಲ್ಕರಿಂದ, 36085 ಐದರಿಂದ, 360852 ಆರರಿಂದ. 3608528 ಅನ್ನು 7ರಿಂದ ಭಾಗಿಸಿ ನೋಡಿ: 515504, ಶೇಷವಿಲ್ಲ. ಹೀಗೇ ಸಾಗಿ ಇಡೀ ಸಂಖ್ಯೆ 25ರಿಂದ ಭಾಗವಾಗುತ್ತದೆ. ಈ ಗುಣವಿರುವ 25 ಅಂಕಿಯ ಸಂಖ್ಯೆ ಇದೊಂದೇ. 26 ಅಂಕಿಯದು ಒಂದೂ ಇಲ್ಲ.

ಇಂಥದ್ದು ಕಣ್ಣಿಗೆ ಬಿದ್ದರೆ ಸಾಕು, ಅದರಲ್ಲಿ ದೈವಸಂಕೇತ ಹುಡುಕುವವರಿದ್ದಾರೆ. ಕಾರಿನ ನಂಬರಿನ ಮೊತ್ತ 9 ಬರಲಿ ಎಂದು ದುಡ್ಡು ಸುರಿಯುವ ಕಾಲವಿದು, ಅದಕ್ಕೇ ಆತಂಕ. ಈ ಸಂಖ್ಯೆಯ ಹಿಂದಿರುವುದು ಶಾಲೆಯ ಭಾಗಾಕಾರ ಮಾತ್ರ, ಮತ್ತು ಸೊಗಸಿರುವುದೂ ಅಲ್ಲಿಯೇ.

ಇದನ್ನೊಂದು ವಂಶಾವಳಿ ಎಂದುಕೊಳ್ಳಿ. 1ರಿಂದ 9ರವರೆಗಿನ ಒಂಬತ್ತು ಅಂಕಿಗಳು ಮೂಲಪುರುಷರು. ಬಲಕ್ಕೆ ಒಂದು ಅಂಕಿ ಸೇರಿಸಿದಾಗ ನಿಯಮಕ್ಕೆ ಹೊಂದುವ ಸಂಖ್ಯೆಯೇ ಮಗು. ಎರಡನೇ ಅಂಕಿ ಸಮವಾಗಿದ್ದರೆ ಸಾಕು, ಆದ್ದರಿಂದ ಪ್ರತಿಯೊಬ್ಬರಿಗೂ ಐದು ಮಕ್ಕಳು: ಒಟ್ಟು 45. ಮುಂದಿನ ತಲೆಮಾರಿನಲ್ಲಿ 150, ಆಮೇಲೆ 375. ಐದನೇ ಅಂಕಿ 0 ಅಥವಾ 5 ಆಗಬೇಕು, ಹಾಗಾಗಿ ಎರಡೆರಡು ಮಕ್ಕಳು: 750. ಒಂಬತ್ತನೇ ತಲೆಮಾರಿಗೆ ವಂಶ 2492ಕ್ಕೆ ಬೆಳೆಯುತ್ತದೆ. ಹತ್ತನೆಯದರಲ್ಲೂ ಅಷ್ಟೇ, ಏಕೆಂದರೆ ಸೇರಿಸಬಹುದಾದ ಅಂಕಿ ಸೊನ್ನೆ ಮಾತ್ರ.

ಹನ್ನೊಂದರಿಂದ ಕಷ್ಟ ಶುರು. 11ರಿಂದ ಭಾಗವಾಗಲು ಕೂಡಿಸಬೇಕಾದ ಮೊತ್ತ 0ಯಿಂದ 10ರವರೆಗೆ ಯಾವುದೂ ಆಗಬಹುದು. 10 ಬೇಕೆಂದು ಬಂದರೆ? ಒಂದೇ ಅಂಕಿಯಲ್ಲಿ 10 ಬರೆಯಲಾಗದು. ಆ ಕವಲು ಅಲ್ಲಿಗೇ ಮುಗಿಯಿತು. ಭಾಜಕ ಹಿಗ್ಗಿದಂತೆ ಇಂಥ ಸಾವುಗಳೂ ಹೆಚ್ಚುತ್ತವೆ: 20ನೇ ತಲೆಮಾರಿನಲ್ಲಿ ಉಳಿದವರು 44, 24ರಲ್ಲಿ ಮೂವರು, 25ರಲ್ಲಿ ಒಬ್ಬನೇ.

ಈ ಅವಸಾನವನ್ನು ಮುಂಚೆಯೇ ಅಂದಾಜು ಮಾಡಬಹುದು. nನೇ ಹೆಜ್ಜೆಯಲ್ಲಿ ಪ್ರತಿ ಸಂಖ್ಯೆಗೆ ಸರಾಸರಿ 10/n ಮಕ್ಕಳು. ಈ ಭಿನ್ನರಾಶಿಗಳನ್ನು ಗುಣಿಸುತ್ತ ಹೋದರೆ 24ನೇ ತಲೆಮಾರಿಗೆ ಸುಮಾರು 1.45, 25ನೆಯದಕ್ಕೆ 0.58 ಸಿಗುತ್ತದೆ. ವಂಶ ಇಲ್ಲೇ ಎಲ್ಲೋ ನಿಲ್ಲಬೇಕೆಂದು ಲೆಕ್ಕವೇ ಹೇಳುತ್ತದೆ.

ಇನ್ನೊಂದು ಮಾತು: ಇದೆಲ್ಲ ನಾವು ಹತ್ತರ ಆಧಾರದಲ್ಲಿ ಎಣಿಸುವುದರಿಂದ ಬಂದದ್ದು. 0 ಮತ್ತು 1 ಎಂಬ ಎರಡೇ ಅಂಕಿಗಳಿರುವ ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಇದೇ ಆಟ ಎರಡೇ ಅಂಕಿಗೆ ಮುಗಿಯುತ್ತದೆ.

ಕೊನೆಯವನಿಗೇಕೆ ಮಕ್ಕಳಿಲ್ಲ? ನಮ್ಮ ಸಂಖ್ಯೆಯ ಬಲಕ್ಕೆ ಸೊನ್ನೆ ಹಾಕಿ 26ರಿಂದ ಭಾಗಿಸಿದರೆ ಶೇಷ 12. ನಿಶ್ಶೇಷವಾಗಲು ಇನ್ನೂ 14 ಕೂಡಿಸಬೇಕು. ಒಂದು ಅಂಕಿಯಿಂದ ಕೂಡಿಸಲಾಗುವುದು ಹೆಚ್ಚೆಂದರೆ 9.