ಬೆಂಗಳೂರಿನ ಕೆಲಸ ಇಂಗ್ಲೆಂಡಿನಲ್ಲಿ ಲೆಕ್ಕಕ್ಕೆ ಬರುತ್ತಾ?

ಪ್ರಶ್ನೆ: ಎಲ್‌ಎಲ್‌ಬಿ ಮುಗಿಸಿ ಬೆಂಗಳೂರಿನ ಒಂದು ಕಂಪನಿಯ ಲೀಗಲ್ ವಿಭಾಗದಲ್ಲಿದ್ದೇನೆ. ಇಂಗ್ಲೆಂಡಿನಲ್ಲಿ ಸಾಲಿಸಿಟರ್, ಅಂದರೆ ಅಲ್ಲಿನ ಒಂದು ಬಗೆಯ ವಕೀಲ, ಆಗುವ ಆಸೆ. ಎರಡು ವರ್ಷದ ಅನುಭವ ಬೇಕಂತೆ. ಇಲ್ಲಿನ ಕೆಲಸ ನಡೆಯುತ್ತಾ, ಇಲ್ಲ ಅಲ್ಲಿಗೇ ಹೋಗಿ ಮಾಡಬೇಕಾ?

ಉತ್ತರ: ಇಲ್ಲಿನ ಕೆಲಸವೂ ನಡೆಯುತ್ತದೆ. ಆದರೆ ಮೊದಲು ಒಂದು ವಿಷಯ ನೋಡಿಕೊಳ್ಳಿ. ನೀವು ಸನ್ನದು ಪಡೆದ ವಕೀಲರಾಗಿದ್ದರೆ ಈ ಎರಡು ವರ್ಷದ ಷರತ್ತೇ ನಿಮಗಿಲ್ಲ. ಬೇರೆ ದೇಶದಲ್ಲಿ ಈಗಾಗಲೇ ವಕೀಲರಾಗಿರುವವರಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಅನುಭವ ಕೇಳುವುದಿಲ್ಲ. ಸಾಲಿಸಿಟರ್ ಆಗಲು ಬರೆಯಬೇಕಾದ ಎಸ್‌ಕ್ಯುಇ ಪರೀಕ್ಷೆ ಮತ್ತು ನಡತೆಯ ತಪಾಸಣೆ ಮಾತ್ರ ಇರುತ್ತದೆ. ಇದು ಗೊತ್ತಿಲ್ಲದೆ ಸುಮ್ನೆ ಎರಡು ವರ್ಷ ಕಳೆದುಕೊಳ್ಳಬೇಡಿ.

ಕಂಪನಿಯಲ್ಲಿ ಪೂರ್ಣಾವಧಿ ಸಂಬಳಕ್ಕಿರುವವರು ನಮ್ಮಲ್ಲಿ ವಕೀಲಿ ನಡೆಸುವಂತಿಲ್ಲ. ಹಾಗಾಗಿ ನಿಮಗೆ ಸನ್ನದು ಇಲ್ಲ ಅಂದುಕೊಂಡೇ ಮುಂದಿನದನ್ನು ಹೇಳುತ್ತೇನೆ.

2021ರ ಸೆಪ್ಟೆಂಬರ್‌ನಿಂದ ಅಲ್ಲಿನ ಸಾಲಿಸಿಟರ್‌ಗಳ ನಿಯಂತ್ರಣ ಸಂಸ್ಥೆಯಾದ ಎಸ್‌ಆರ್‌ಎ ಹೊಸ ದಾರಿ ತೆರೆದಿದೆ. ಅದಕ್ಕೂ ಮೊದಲು ಒಂದು ಲಾ ಫರ್ಮ್‌ನಲ್ಲಿ ಟ್ರೈನಿಂಗ್ ಕಾಂಟ್ರಾಕ್ಟ್, ಅಂದರೆ ತರಬೇತಿಯ ಕೆಲಸ, ಸಿಗದಿದ್ದರೆ ಎಷ್ಟೋ ಜನರ ಕನಸು ಅಲ್ಲಿಗೇ ನಿಲ್ಲುತ್ತಿತ್ತು. ಈಗ ಪೂರ್ಣಾವಧಿ ಎರಡು ವರ್ಷಕ್ಕೆ ಸಮನಾದ ಕೆಲಸವನ್ನು ಹೆಚ್ಚೆಂದರೆ ನಾಲ್ಕು ಕಡೆ ಮಾಡಿ ಕೂಡಿಸಬಹುದು. ಪ್ಯಾರಾಲೀಗಲ್ (ವಕೀಲರ ಸಹಾಯಕ) ಕೆಲಸ, ಕಂಪನಿಯ ಲೀಗಲ್ ವಿಭಾಗ, ಕಾಲೇಜಿನ ಉಚಿತ ಕಾನೂನು ನೆರವು ಕೇಂದ್ರ, ಎಲ್ಲವೂ ಆಗುತ್ತದೆ. ಯಾವ ದೇಶದಲ್ಲಿ ಮಾಡಿದರೂ ಸರಿ, ಸಂಬಳ ಇದ್ದರೂ ಇಲ್ಲದಿದ್ದರೂ ಸರಿ. ಹಳೆಯ ಅನುಭವವೂ ಸಲ್ಲುತ್ತದೆ. ನನ್ನ ಪ್ರಕಾರ ಇದು ನಿಜಕ್ಕೂ ನ್ಯಾಯವಾದ ಬದಲಾವಣೆ.

ಕೆಲಸ ಮಾತ್ರ ನಿಜವಾದ ಕಾನೂನು ಕೆಲಸವಾಗಿರಬೇಕು. ಕರಾರು ಕರಡು ಮಾಡುವುದು, ಕಾನೂನು ಹುಡುಕಿ ಸಲಹೆ ಬರೆಯುವುದು, ಕಕ್ಷಿದಾರರೊಂದಿಗೆ ಮಾತಾಡುವುದು, ಇಂಥವು. ಬರೀ ಫೈಲ್ ಜೋಡಿಸಿದರೆ, ಅಣಕು ನ್ಯಾಯಾಲಯದಲ್ಲಿ ವಾದಿಸಿದರೆ ಸಾಲದು.

ನಿಮಗೆ ತೊಡಕಾಗುವುದು ದೃಢೀಕರಣ. ನಿಮ್ಮ ಅನುಭವವನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್ ಒಬ್ಬರು ದೃಢೀಕರಿಸಬೇಕು. ನಮ್ಮ ಹೈಕೋರ್ಟಿನ ಎಂಥ ದೊಡ್ಡ ಸೀನಿಯರ್ ಬರೆದುಕೊಟ್ಟರೂ ಅದು ಇದಕ್ಕೆ ಬದಲಾಗುವುದಿಲ್ಲ. ನಿಮ್ಮ ಕಂಪನಿಗೆ ಲಂಡನ್ನಿನಲ್ಲಿ ಲೀಗಲ್ ತಂಡ ಇದ್ದರೆ ಅಲ್ಲಿ ವಿಚಾರಿಸಿ. ಕಂಪನಿಯೊಳಗೆ ಯಾರೂ ಇಲ್ಲದಿದ್ದರೆ ಹೊರಗಿನ ಸಾಲಿಸಿಟರ್ ಕೂಡ ಮಾಡಬಹುದು. ಆದರೆ ಅವರಿಗೆ ನಿಮ್ಮ ಕೆಲಸದ ನೇರ ಪರಿಚಯ ಇರಬೇಕು. ಅಂದರೆ ನಿಮ್ಮ ಕೆಲಸ ಅಥವಾ ಅದರ ದಾಖಲೆ ನೋಡಿರಬೇಕು, ನಿಮ್ಮ ಮೇಲಧಿಕಾರಿಯ ಅಭಿಪ್ರಾಯ ಕೇಳಿರಬೇಕು. ದೃಢೀಕರಿಸುವ ಸಾಲಿಸಿಟರ್‌ಗೆ ಪ್ರಾಕ್ಟೀಸಿಂಗ್ ಸರ್ಟಿಫಿಕೇಟ್, ಅಂದರೆ ವೃತ್ತಿ ನಡೆಸುವ ಪರವಾನಗಿ, ಇರಲೇಬೇಕೆಂದಿಲ್ಲ.

ಅವರು ನಿಮಗೆ ಅಂಕ ಕೊಡುವುದಿಲ್ಲ. ಎಷ್ಟು ಕಾಲ ಕೆಲಸ ಮಾಡಿದಿರಿ, ಸಾಲಿಸಿಟರ್‌ಗೆ ಬೇಕಾದ ಕೌಶಲಗಳಲ್ಲಿ ಕನಿಷ್ಠ ಎರಡನ್ನಾದರೂ ಕಲಿಯುವ ಅವಕಾಶ ಸಿಕ್ಕಿತಾ, ನಡತೆಯ ಬಗ್ಗೆ ಅನುಮಾನವೇನಾದರೂ ಇದೆಯಾ, ಇಷ್ಟೇ ತಿಳಿಸುತ್ತಾರೆ. ನಿಮ್ಮ ಸಾಮರ್ಥ್ಯ ಅಳೆಯುವುದು ಎಸ್‌ಕ್ಯುಇ ಪರೀಕ್ಷೆ.

ಆದ್ದರಿಂದ ಎರಡು ವರ್ಷ ಮುಗಿಯಲಿ ಅಂತ ಕಾಯಬೇಡಿ. ಈಗಲೇ ಒಬ್ಬ ಸಾಲಿಸಿಟರ್‌ರನ್ನು ಕೇಳಿ ಒಪ್ಪಿಸಿ. ವಾರಕ್ಕೊಮ್ಮೆ ಏನು ಮಾಡಿದಿರಿ, ಅದರಿಂದ ಏನು ಕಲಿತಿರಿ ಎಂದು ಬರೆದಿಡಿ. ಕಂಪನಿಯ ಗುಟ್ಟುಗಳನ್ನೂ ಕಕ್ಷಿದಾರರ ಹೆಸರುಗಳನ್ನೂ ಮಾತ್ರ ಅದರಲ್ಲಿ ಸೇರಿಸಬೇಡಿ.