ಮೊದಲ ಮನೆ ಮಾರುವ ಮುನ್ನವೇ ಘೋಷಣಾ ಪತ್ರ

ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಡದ ಮನೆಗಳನ್ನು ಬಿಡಿಬಿಡಿಯಾಗಿ ಮಾರಲು ಹೊರಟವರು ವಕೀಲರ ಬಳಿ ಬರುವುದೇ ಕ್ರಯಪತ್ರದ ಕರಡು ಹಿಡಿದುಕೊಂಡು. ಗಿರಾಕಿ ಒಪ್ಪಿದ್ದಾರೆ, ಟೋಕನ್ ಹಣವೂ ಬಂದಿದೆ, ಮುಂದಿನ ವಾರ ನೋಂದಣಿ. ಘೋಷಣಾ ಪತ್ರ ಆಗಿದೆಯೇ ಎಂದು ಕೇಳಿದರೆ, ‘ಅದೆಲ್ಲ ದೊಡ್ಡ ಅಪಾರ್ಟ್‌ಮೆಂಟಿಗಲ್ಲವೇ ಸಾರ್, ನಮ್ಮದು ಬರೀ ನಲವತ್ತು-ಅರವತ್ತು ಸೈಟು, ಎಂಟು ಮನೆ. ಮೊದಲು ಒಂದು ಮನೆ ಮಾರಿಬಿಡೋಣ, ಉಳಿದದ್ದು ಆಮೇಲೆ ನೋಡೋಣ’ ಎನ್ನುತ್ತಾರೆ. ಇಡೀ ವ್ಯವಹಾರ ಕೆಡುವುದು ಈ ‘ಆಮೇಲೆ’ಯಿಂದಲೇ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಲೆಕ್ಕದಲ್ಲಿ ನಾಲ್ಕು ಅಥವಾ ಹೆಚ್ಚು ಮನೆಗಳಿದ್ದರೆ ಅದು ‘ಕಟ್ಟಡ’. ಲಿಫ್ಟ್, ಕ್ಲಬ್‌ಹೌಸ್ ಇರಬೇಕೆಂದು ಕಾನೂನು ಎಲ್ಲೂ ಹೇಳಿಲ್ಲ. ಆದರೆ ಈ ಕಾಯ್ದೆ ತಾನಾಗಿ ಬಂದು ಅನ್ವಯವಾಗುವುದಿಲ್ಲ. ಏಕೈಕ ಮಾಲೀಕ, ಅಥವಾ ಎಲ್ಲ ಮಾಲೀಕರೂ ಸೇರಿ, ಘೋಷಣಾ ಪತ್ರ ಬರೆದು ನೋಂದಾಯಿಸಿ ತಮ್ಮ ಆಸ್ತಿಯನ್ನು ಅದಕ್ಕೆ ಒಳಪಡಿಸಬೇಕು. ಡೀಡ್ ಆಫ್ ಡಿಕ್ಲರೇಶನ್ ಎನ್ನುವುದು ಇದನ್ನೇ.

‘ಏಕೈಕ ಮಾಲೀಕ, ಅಥವಾ ಎಲ್ಲ ಮಾಲೀಕರೂ’ ಎಂಬ ಮಾತನ್ನು ಇನ್ನೊಮ್ಮೆ ಓದಿ. ಇವತ್ತು ಎಂಟೂ ಮನೆ ನಿಮ್ಮ ಹೆಸರಿನಲ್ಲಿದ್ದರೆ ನಿಮ್ಮ ಒಂದು ಸಹಿ ಸಾಕು. ಒಂದು ಮನೆ ಮಾರಿದ ಮರುದಿನ ಎರಡು ಸಹಿ ಬೇಕು. ಆರು ಮಾರಿದ ಮೇಲೆ ಏಳು. ಅಷ್ಟರಲ್ಲಿ ಒಬ್ಬರು ವಿದೇಶದಲ್ಲಿರುತ್ತಾರೆ. ಇನ್ನೊಬ್ಬರ ಮನೆ ಬ್ಯಾಂಕಿಗೆ ಅಡಮಾನವಾಗಿದ್ದು, ಬ್ಯಾಂಕನ್ನು ಕೇಳದೆ ಅವರು ಸಹಿ ಹಾಕಲಾರರು. ಮತ್ತೊಬ್ಬರು ತೀರಿಕೊಂಡು ವಾರಸುದಾರರಲ್ಲಿ ಅಪ್ರಾಪ್ತ ಮಗುವಿದ್ದರೆ ನ್ಯಾಯಾಲಯದ ಅನುಮತಿಯ ಪ್ರಶ್ನೆಯೂ ಏಳುತ್ತದೆ. ಒಂದೇ ಸಹಿಯಲ್ಲಿ ಮುಗಿಯಬೇಕಿದ್ದ ಕೆಲಸ ಹೀಗೆ ವರ್ಷಗಟ್ಟಲೆ ಎಳೆಯುತ್ತದೆ.

ಆ ಪತ್ರದಲ್ಲಿ ಅಂಥದ್ದೇನಿದೆ? ಮುಖ್ಯವಾಗಿ ಪಾಲಿನ ಲೆಕ್ಕ. ಮನೆ ಕೊಳ್ಳುವವರಿಗೆ ಗೋಡೆಗಳ ಜೊತೆಗೆ ನೆಲದಲ್ಲಿ, ಮೆಟ್ಟಿಲಲ್ಲಿ, ಸಂಪಿನಲ್ಲಿ ಒಂದು ಅವಿಭಾಜ್ಯ ಪಾಲು ಹೋಗುತ್ತದೆ. ಇಡೀ ಆಸ್ತಿಯ ಬೆಲೆಯಲ್ಲಿ ಆ ಮನೆಯ ಬೆಲೆ ಎಷ್ಟು ಪಾಲೋ ಅದೇ ಅದರ ಪ್ರಮಾಣ ಎನ್ನುತ್ತದೆ ಕಾಯ್ದೆ. ಎರಡು ಬೆಡ್‌ರೂಮಿನ ಆರು ಮನೆಗಳು ತಲಾ 60 ಲಕ್ಷ, ಒಂದು ಬೆಡ್‌ರೂಮಿನ ಎರಡು ಮನೆಗಳು ತಲಾ 40 ಲಕ್ಷ ಎಂದಿಟ್ಟುಕೊಳ್ಳಿ. ಒಟ್ಟು 440 ಲಕ್ಷ. ದೊಡ್ಡ ಮನೆಯ ಪಾಲು 13.64 ಶೇಕಡಾ, ಚಿಕ್ಕದರದ್ದು 9.09. ಆರು ಮತ್ತು ಎರಡರಿಂದ ಗುಣಿಸಿ ಕೂಡಿ ನೋಡಿ: 100.02 ಬರುತ್ತದೆ. ಇಲ್ಲದ 0.02 ಶೇಕಡಾ ನೆಲವನ್ನು ನೋಂದಾಯಿಸಿಕೊಟ್ಟಂತಾಯಿತು. ದಶಮಾಂಶದ ಈ ಗೊಡವೆ ಬೇಡವೆಂದರೆ ಭಿನ್ನರಾಶಿಯಲ್ಲಿ ಬರೆಯಿರಿ. ದೊಡ್ಡ ಮನೆಗೆ 22ರಲ್ಲಿ 3 ಪಾಲು, ಚಿಕ್ಕದಕ್ಕೆ 22ರಲ್ಲಿ 2. ಆರು ಮೂರಲ ಹದಿನೆಂಟು, ಎರಡೆರಡಲ ನಾಲ್ಕು, ಕೂಡಿದರೆ ಸರಿಯಾಗಿ 22. 2400 ಚದರ ಅಡಿ ಸೈಟಿನಲ್ಲಿ ದೊಡ್ಡ ಮನೆಗೆ ಸುಮಾರು 327 ಚದರ ಅಡಿ ನೆಲ, ಚಿಕ್ಕದಕ್ಕೆ 218.

ಈ ಪಟ್ಟಿಯಿಲ್ಲದೆ ಮಾರುವವರು ಮೊದಲ ಗಿರಾಕಿಯ ಮನಸ್ಸು ಗೆಲ್ಲಲು 400 ಚದರ ಅಡಿ ಬರೆದುಕೊಡುತ್ತಾರೆ. ಅದನ್ನು ನೋಡಿ ಎರಡನೆಯವರೂ ಅಷ್ಟೇ ಕೇಳುತ್ತಾರೆ. ಐದು ದೊಡ್ಡ ಮನೆ ಹೋಗುವಷ್ಟರಲ್ಲಿ 2000 ಖರ್ಚಾಗಿ, ಉಳಿದ ಮೂರು ಮನೆಗೆ ಸೇರಿ 400 ಮಾತ್ರ ಉಳಿದಿರುತ್ತದೆ. ಮುಂದಿನ ಗಿರಾಕಿಯ ಬ್ಯಾಂಕಿನ ಪ್ಯಾನೆಲ್ ವಕೀಲರು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ಹಿಂದಿನ ಕ್ರಯಪತ್ರಗಳನ್ನು ಕೂಡಿ ನೋಡಿದಾಗ ಸಾಲ ಅಲ್ಲಿಗೇ ನಿಲ್ಲುತ್ತದೆ. ತಿದ್ದುಪಡಿ ಪತ್ರ ಮಾಡಿಸೋಣವೆಂದರೆ ಮೊದಲಿನ ಐವರು ತಲಾ 73 ಚದರ ಅಡಿಯಷ್ಟು ನೆಲ ಬಿಟ್ಟುಕೊಡಬೇಕು. ದುಡ್ಡು ಕೊಟ್ಟು ಬರೆಸಿಕೊಂಡದ್ದನ್ನು ಯಾರು ಬಿಟ್ಟಾರು? ಅವರನ್ನು ದೂರಿ ಫಲವಿಲ್ಲ.

ಟೆರೇಸಿನ ವಿಷಯವೂ ಹೀಗೆಯೇ. ‘ಮೇಲಿನದ್ದು ನನ್ನದೇ’ ಎಂದು ಬಾಯಲ್ಲಿ ಹೇಳಿದರೆ ಆಗದು. ಘೋಷಣಾ ಪತ್ರದಲ್ಲಿ ಬೇರೆ ರೀತಿ ಬರೆಯದ ಹೊರತು ಚಾವಣಿಯೂ ವಾಹನ ನಿಲ್ಲಿಸುವ ಜಾಗವೂ ಕಾಯ್ದೆಯ ಪ್ರಕಾರ ಎಲ್ಲರ ಸಾಮಾನ್ಯ ಪ್ರದೇಶ. ಮುಂದೆ ಇನ್ನೊಂದು ಮಹಡಿ ಎಬ್ಬಿಸುವ ಆಲೋಚನೆಯಿದ್ದರೆ ಅದಕ್ಕೆ ಅನುಮತಿ ಸಿಗುತ್ತದೆಯೇ, ಪಾಲು ಎಲ್ಲಿಂದ ಬರುತ್ತದೆ ಎರಡನ್ನೂ ಈಗಲೇ ತೀರ್ಮಾನಿಸಿ. ಒಮ್ಮೆ ಘೋಷಿಸಿದ ಪ್ರಮಾಣವನ್ನು ಬದಲಿಸಲು ಎಲ್ಲ ಮನೆಗಳ ಮಾಲೀಕರೂ ಒಪ್ಪಿ, ತಿದ್ದಿದ ಘೋಷಣಾ ಪತ್ರವನ್ನು ಮತ್ತೆ ನೋಂದಾಯಿಸಬೇಕು.

ಇನ್ನು ಕಷ್ಟದ ಮಾತು. ಘೋಷಣಾ ಪತ್ರದ ಜೊತೆ ಪ್ರತಿ ಮಹಡಿಯ ನಕ್ಷೆ ಸಲ್ಲಬೇಕು. ಸ್ಥಳೀಯ ಸಂಸ್ಥೆ ಮಂಜೂರು ಮಾಡಿದ ನಕ್ಷೆಯ ನಿಜಪ್ರತಿ ಇದು ಎಂದು ವಾಸ್ತುಶಿಲ್ಪಿ ದೃಢೀಕರಿಸಬೇಕು. ಮಂಜೂರಾದದ್ದು ನಾಲ್ಕು ಮನೆ, ಕಟ್ಟಿದ್ದು ಎಂಟು, ಪಾರ್ಕಿಂಗ್ ಎಂದು ತೋರಿಸಿದ್ದಲ್ಲಿ ಸಿಂಗಲ್ ರೂಮು ಇದ್ದರೆ ಪ್ರಾಮಾಣಿಕ ವಾಸ್ತುಶಿಲ್ಪಿ ಸಹಿ ಹಾಕುವುದಿಲ್ಲ, ಹಾಕಲೂಬಾರದು. ಎಂಟು ವಿದ್ಯುತ್ ಮೀಟರುಗಳಿವೆ, ಎಂಟಕ್ಕೂ ತೆರಿಗೆ ಕಟ್ಟುತ್ತಿದ್ದೇವೆ ಎಂಬುದು ಉತ್ತರವಾಗದು. ಮೀಟರೂ ತೆರಿಗೆ ರಸೀದಿಯೂ ನಕ್ಷೆಯನ್ನು ಸಕ್ರಮ ಮಾಡುವುದಿಲ್ಲ. ಅಕ್ರಮ-ಸಕ್ರಮ ಬರಲಿ ಎಂದು ಕಾಯುವವರಿಗೆ ನೆನಪಿರಲಿ, ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ನೀಡಿತು. 2024ರ ಡಿಸೆಂಬರಿನ ತೀರ್ಪಿನಲ್ಲಿ, ಕಟ್ಟಡ ಮುಗಿದಿದೆ ಎನ್ನುವ ಪೂರ್ಣತಾ ಪತ್ರ ಅಥವಾ ವಾಸಕ್ಕೆ ಅನುಮತಿಸುವ ಸ್ವಾಧೀನಾನುಭವ ಪತ್ರ ನೋಡಿಯೇ ಬ್ಯಾಂಕುಗಳು ಸಾಲ ಕೊಡಬೇಕೆಂದು ಅದೇ ನ್ಯಾಯಾಲಯ ಹೇಳಿದೆ. ಆದ್ದರಿಂದ ಮೊದಲ ದಿನದ ಕೆಲಸ ಟೇಪು ಹಿಡಿದು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ಮಹಡಿ, ಮನೆಗಳ ಸಂಖ್ಯೆಯನ್ನು ಮಂಜೂರಾದ ನಕ್ಷೆಯೊಡನೆ ತಾಳೆ ನೋಡುವುದು. ವ್ಯತ್ಯಾಸ ದೊಡ್ಡದಿದ್ದರೆ ಬಿಡಿಯಾಗಿ ಮಾರುವ ಯೋಚನೆ ಕೈಬಿಟ್ಟು, ಬಾಡಿಗೆಗೇ ಉಳಿಸಿಕೊಳ್ಳುವುದು ಅಥವಾ ಇದ್ದದ್ದನ್ನು ಇದ್ದಂತೆ ತಿಳಿಸಿ ಇಡಿಯಾಗಿ ಮಾರುವುದು ಕ್ಷೇಮ.

ಕಟ್ಟಡದ ಮೇಲೆ ಸಾಲವಿದ್ದರೆ ತೀರಿಸಿ, ಇಲ್ಲವೇ ಆಯಾ ಮನೆಯ ಮಟ್ಟಿಗೆ ಬ್ಯಾಂಕಿನಿಂದ ಬಿಡುಗಡೆ ಪತ್ರ ಪಡೆಯಿರಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ವಿಷಯದಲ್ಲೂ ಒಂದು ಎಚ್ಚರಿಕೆ. ಹೊಸದಾಗಿ ಕಟ್ಟುವವರಷ್ಟೇ ಪ್ರವರ್ತಕರಲ್ಲ (ಪ್ರಮೋಟರ್), ಇರುವ ಕಟ್ಟಡವನ್ನು ಅಪಾರ್ಟ್‌ಮೆಂಟುಗಳಾಗಿ ಪರಿವರ್ತಿಸಿ ಮಾರುವವರೂ 2016ರ ಕಾಯ್ದೆಯ ಪ್ರಕಾರ ಪ್ರವರ್ತಕರೇ. 500 ಚದರ ಮೀಟರ್ ಮೀರದ ಜಾಗಕ್ಕೆ ಅಥವಾ ಎಂಟು ಮೀರದ ಮನೆಗಳಿಗೆ ರೇರಾ ನೋಂದಣಿಯಿಂದ ವಿನಾಯಿತಿ ಇದೆ. ಕಾಯ್ದೆಗೆ ಮುನ್ನವೇ ಪೂರ್ಣತಾ ಪತ್ರ ಪಡೆದ ಕಟ್ಟಡಗಳಿಗೂ ಇದೆ. 40×60 ಸೈಟು ಸುಮಾರು 223 ಚದರ ಮೀಟರ್. 60×100 ಆದರೆ 557, ಅಲ್ಲಿ ಹನ್ನೆರಡು ಮನೆಗಳಿದ್ದರೆ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆದೇ ಮುಂದುವರಿಯಿರಿ.

ಒಳಗಿರುವ ಬಾಡಿಗೆದಾರರನ್ನು ಮರೆಯಬೇಡಿ. ಮನೆ ಮಾರಾಟವಾಯಿತೆಂದು ಬಾಡಿಗೆ ಕರಾರು ಬಿದ್ದುಹೋಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ ಕೊಂಡವರು ಮಾಲೀಕರ ಜಾಗಕ್ಕೆ ಬರುತ್ತಾರೆ. ಹೊಸಬರೇ ಹೊಣೆ ಎಂದು ಬಾಡಿಗೆದಾರರು ಒಪ್ಪಿಕೊಳ್ಳದಿದ್ದರೆ ಹಳೆಯ ಮಾಲೀಕರ ಹೊಣೆ ಮಾರಾಟವೊಂದರಿಂದಲೇ ತಪ್ಪುವುದಿಲ್ಲ. ಹತ್ತು ತಿಂಗಳ ಅಡ್ವಾನ್ಸನ್ನು ಯಾರು ಹಿಂದಿರುಗಿಸಬೇಕು ಎಂಬ ಜಗಳ ಹುಟ್ಟುವುದು ಇಲ್ಲೇ. ಭೋಗ್ಯಕ್ಕೆ ಕೊಟ್ಟ ಮನೆಯಾದರೆ ಆ ಮೊತ್ತ ಲಕ್ಷಗಳಲ್ಲಿರುತ್ತದೆ, ಆ ಸಂಸಾರದ ಜೀವಮಾನದ ಉಳಿತಾಯವೂ ಅದೇ ಆಗಿರಬಹುದು. ಅಡ್ವಾನ್ಸ್ ಎಷ್ಟು, ಕ್ರಯದ ಹಣದಲ್ಲಿ ಅದನ್ನು ಮುರಿದುಕೊಂಡಿದೆಯೇ, ಹಿಂದಿರುಗಿಸುವವರು ಯಾರು ಎಂಬುದನ್ನು ಪ್ರತ್ಯೇಕ ಪತ್ರದಲ್ಲಿ ಬರೆದು ಮಾರುವವರು, ಕೊಳ್ಳುವವರು, ಬಾಡಿಗೆದಾರರು ಮೂವರೂ ಸಹಿ ಮಾಡಲಿ.

ಮಾರುವ ಇರಾದೆಯೇ ಇಲ್ಲ, ಮಕ್ಕಳಿಗೆ ಮಹಡಿಗೊಂದರಂತೆ ಹಂಚುತ್ತೇವೆ ಎನ್ನುವ ಹಿರಿಯರಿಗೂ ಈ ಪತ್ರ ಅಷ್ಟೇ ಉಪಯುಕ್ತ. ‘ನೆಲಮಹಡಿ ದೊಡ್ಡವನಿಗೆ, ಮೇಲಿನದು ಮಗಳಿಗೆ’ ಎಂದಷ್ಟೇ ಬರೆದ ಉಯಿಲಿನಲ್ಲಿ ಸೈಟಿನ ಮಾತೇ ಇರುವುದಿಲ್ಲ. ನಾಲ್ಕು ಮನೆಗಳಿದ್ದರೆ ಮೊದಲು ಘೋಷಣಾ ಪತ್ರ ನೋಂದಾಯಿಸಿ, ಅದರಲ್ಲಿರುವ ಮನೆಯ ಸಂಖ್ಯೆಯನ್ನೂ ಪಾಲನ್ನೂ ಉಯಿಲಿಗೆ ಹಾಗೆಯೇ ಇಳಿಸಿ. ಮೂರೇ ಮನೆಗಳಿದ್ದರೆ ಈ ಕಾಯ್ದೆ ಬಾರದು. ಆಗ ಯಾರಿಗೆ ಎಷ್ಟು ಚದರ ಅಡಿ ನೆಲ, ಟೆರೇಸ್ ಯಾರದ್ದು, ಬೋರ್‌ವೆಲ್ ಕೆಟ್ಟರೆ ರಿಪೇರಿ ಖರ್ಚು ಯಾರದ್ದು ಎಂಬುದನ್ನೆಲ್ಲ ಉಯಿಲಿನಲ್ಲೇ ಬಿಡಿಸಿ ಬರೆಯಬೇಕು.